ಸಣ್ಣ ಗೇರು, ಸಣ್ಣ ಗುಡ್ಡ

ಮೂರು ದಿನ ಸೇರಿ ನೂರಮೂವತ್ತು ಚಿಲ್ಲರೆ ಕಿಲೋಮೀಟರ್ ಸೈಕಲ್ ತುಳಿದು ಬಂದೆ ಅಂತ ಆಫೀಸಿನ ಕಾಫಿ ಮಷೀನಿನ ಹತ್ತಿರ ಬಾಯಿಬಿಟ್ಟಿದ್ದೇ ತಪ್ಪಾಯ್ತು. ಇಲ್ಲಿ ದಕ್ಷಿಣ ಫ್ರಾನ್ಸಿನ ಸೋಫಿಯಾ ಆಂಟಿಪೊಲಿಸ್‌ನಲ್ಲಿ ಶನಿವಾರ ಬೆಳಿಗ್ಗೆ ಬಿಗಿ ಬಟ್ಟೆ ತೊಟ್ಟು ಹೊರಟು, ಅಷ್ಟು ದೂರವನ್ನು ಊಟದ ಹೊತ್ತಿಗೆ ಮುಗಿಸಿ ಬರುವವರು ಬೇಕಾದಷ್ಟಿದ್ದಾರೆ. "ಮಧ್ಯೆ ಸೈಕಲ್ ಕೆಟ್ಟಿತ್ತಾ?" ಅಂತ ಒಬ್ಬ ನಿಜವಾದ ಕನಿಕರದಿಂದಲೇ ಕೇಳಿದ. ನಮ್ಮ ಮೈಸೂರಿನವನೊಬ್ಬ ಇದ್ದಾನೆ, "ಹೋದ್ರೆ ಆಲ್ಪ್ಸ್‌ಗೆ ಹೋಗ್ಬೇಕು ಗುರೂ, ಇದ್ಯಾವ ಗುಡ್ಡ?" ಅಂದ. ಸಂಜೆ ಶಿರಸಿಗೆ ಫೋನ್ ಮಾಡಿದರೆ ಅಪ್ಪಯ್ಯನ ತಕರಾರು ಬೇರೆಯೇ: "ಇಲ್ಲಿದ್ದ ಬೆಟ್ಟ ಹತ್ತಿದ್ದು ಸಾಕಾಜಿಲ್ಯ ನಿಂಗೆ? ಅಲ್ಲಿಗೆ ಹೋಗಿ ಮತ್ತೆ ಬೆಟ್ಟ ಹತ್ತದು ಎಂತಕ್ಕೆ?"

ಮೂವರಿಗೂ ಸೇರಿಸಿ ಇಲ್ಲೇ ಬರೀತಿದ್ದೇನೆ. ಉದ್ದ ಆಗತ್ತೆ, ಪುರುಸೊತ್ತಿದ್ದವರು ಓದಿ.

ನಾನು ಹೋಗಿದ್ದು ಮೋರ್ ಬೆಟ್ಟಸಾಲಿಗೆ. ಫ್ರಾನ್ಸಿನ ದಕ್ಷಿಣದಲ್ಲಿ ಈಯೇರ್ ಪಟ್ಟಣದಿಂದ ಫ್ರೆಜ್ಯೂಸ್ ಕಡೆಗೆ, ಮೆಡಿಟರೇನಿಯನ್ ಸಮುದ್ರಕ್ಕೆ ಅಂಟಿಕೊಂಡೇ ಹಬ್ಬಿದ ಕಾಡು. ಅತಿ ಎತ್ತರದ ತುದಿ ಅಂದ್ರೂ 780 ಮೀಟರ್. ಕೆಳಗೆ ಸೇಂಟ್ ಟ್ರೊಪೆ ಇದೆ, ಜಗತ್ತಿನ ದುಡ್ಡೆಲ್ಲ ಹಡಗು ಕಟ್ಟಿಕೊಂಡು ಬಂದು ನಿಲ್ಲುವ ಜಾಗ. ಅಲ್ಲಿಂದ ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಬಂದರೆ ಗಂಟೆಗೆ ನಾಲ್ಕು ಕಾರು ಕಂಡರೆ ಹೆಚ್ಚು. ಈ ಸೀಮೆಗೆ ಪ್ರೊವಾನ್ಸ್ ಅಂತ ಹೆಸರು, ಅದನ್ನು ಕೇಳಿದ ಕೂಡಲೇ ಕಣ್ಣಿಗೆ ಬರುವ ಬಿಳಿ ಸುಣ್ಣಕಲ್ಲು, ಲ್ಯಾವೆಂಡರ್ ಹೊಲ ಯಾವುದೂ ಇಲ್ಲಿಲ್ಲ. ಈ ಬೆಟ್ಟದ ಕಲ್ಲೇ ಬೇರೆ, ಶಿಸ್ಟ್ ಮತ್ತು ನೈಸ್ ಅನ್ನುವ ಪದರು ಪದರಾದ ಕಲ್ಲುಗಳು. ರಸ್ತೆ ಬದಿಯ ಮಣ್ಣಿನಲ್ಲಿ ಕಾಗೆಬಂಗಾರ ಮಿಂಚುತ್ತಿರುತ್ತದೆ. ಸುಣ್ಣದ ನೆಲಕ್ಕೆ ಒಗ್ಗದ ಎರಡು ಮರಗಳು ಹಾಗಾಗಿ ಇಲ್ಲಿ ಬೇರು ಬಿಟ್ಟಿವೆ: ಕಾರ್ಕ್ ಓಕ್ ಮತ್ತು ಚೆಸ್ಟ್‌ನಟ್. ಈ ಬರಹ ಇರುವುದೇ ಈ ಎರಡು ಮರಗಳಿಂದ.

ಅಕ್ಟೋಬರ್‌ನ ಒಂದು ಶುಕ್ರವಾರ ಸೈಕಲನ್ನು ರೈಲಿಗೆ ಹಾಕಿ ಈಯೇರ್‌ನಲ್ಲಿ ಇಳಿದೆ. ಅಲ್ಲಿಂದ ಬೋರ್ಮ್ ಲೆ ಮಿಮೊಜಾ. ಆ ಊರು 1968ರಲ್ಲಿ ತನ್ನ ಹೆಸರಿಗೆ 'ಮಿಮೊಜಾ' ಸೇರಿಸಿಕೊಂಡಿತು, ಚಳಿಗಾಲದಲ್ಲಿ ಊರೆಲ್ಲ ಹಳದಿ ಹೂವು. ಆದರೆ ಅದು ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾ. ನಮ್ಮ ಮಲೆನಾಡಿನ ಗುಡ್ಡಗಳಿಗೆ ಬಂದು ಕೂತ ಅಕೇಶಿಯಾದ ದಾಯಾದಿ. ಎಲ್ಲಿ ಹೋದರೂ ಬಿಡುವುದಿಲ್ಲ ಮಾರಾಯ್ರೆ ಇದು.

ಬೋರ್ಮ್ ದಾಟಿದ ಮೇಲೆ ಗ್ರಾತ್‌ಲೂ ಅನ್ನುವ 199 ಮೀಟರಿನ ಕಣಿವೆ ದಾರಿ, ಅದಾದ ಮೇಲೆ ಬಾಬೌ, 415 ಮೀಟರ್. ಪ್ರೊವಾನ್ಸಿನ ಹಳೇ ನುಡಿಯಲ್ಲಿ ಬಾಬೌ ಅಂದರೆ ಗುಮ್ಮ, ಮಕ್ಕಳನ್ನು ಹೆದರಿಸುವ ಗುಮ್ಮ. ಸೈಕಲಿನ ಎರಡೂ ಬದಿ ಚೀಲ, ಡೇರೆ, ಮೂರು ಬಾಟಲಿ ನೀರು, ಮೇಲೆ ನಾನು. ಸಣ್ಣ ಗೇರಿಗೆ ಹಾಕಿದೆ, ವೇಗ ಗಂಟೆಗೆ ಏಳು ಕಿಲೋಮೀಟರಿಗೆ ಇಳಿಯಿತು.

ಗೇರಿನ ಮಾತು ಬಂತು, ಹೇಳಿಬಿಡುತ್ತೇನೆ. ಟೂರ್ ದ ಫ್ರಾನ್ಸ್ ಶುರುಮಾಡಿದ ಹೆನ್ರಿ ದೆಗ್ರಾಂಜ್‌ಗೆ ಗೇರ್ ಬದಲಿಸುವವರನ್ನು ಕಂಡರೆ ಆಗುತ್ತಿರಲಿಲ್ಲ. ಅದೆಲ್ಲ ನಲವತ್ತೈದು ದಾಟಿದವರಿಗೆ ಅನ್ನುವುದು ಅವರ ವಾದ. 1937ರ ತನಕ ಆ ಸ್ಪರ್ಧೆಯಲ್ಲಿ ಚೈನು ಹಾರಿಸುವ ಗೇರಿಗೆ ಅವಕಾಶವೇ ಇರಲಿಲ್ಲ. ಅದೇ ಕಾಲದಲ್ಲಿ ಸೇಂಟ್ ಎತಿಯೆನ್ ಊರಿನ ಪೌಲ್ ದ ವಿವಿ, ವೆಲೊಸಿಯೊ ಅಂತ ಹೆಸರಾದವರು, ಗೇರು ಬೇಕೇ ಬೇಕು ಅಂತ ಜೀವಮಾನವಿಡೀ ಬರೆದರು, ತಾವೇ ತುಳಿದು ತೋರಿಸಿದರು. ಪ್ರವಾಸಕ್ಕೆ ಸೈಕಲ್ ಹತ್ತುವವರಿಗೆಲ್ಲ ಅವರೇ ಹಿರಿಯರು. ನನಗೀಗ ನಲವತ್ತಾರು. ದೆಗ್ರಾಂಜ್ ಕಡೆಯಿಂದಲೂ ಅಡ್ಡಿಯಿಲ್ಲ.

ಏಳು ಕಿಲೋಮೀಟರ್ ವೇಗದಲ್ಲಿ ಏನು ಕಾಣತ್ತೆ ಅಂದರೆ, ಮರಗಳ ಸೊಂಟ. ಕಾರಿನಲ್ಲಿ ಎರಡು ಸಲ ಇದೇ ದಾರಿಯಲ್ಲಿ ಹೋಗಿದ್ದೆ, ಹಸಿರು ಬಿಟ್ಟು ಬೇರೇನೂ ನೆನಪಿಲ್ಲ. ಸೈಕಲ್ ಮೇಲೆ ತಲೆ ತಗ್ಗಿಸಿ ಏದುಸಿರು ಬಿಡುವಾಗ ಪಕ್ಕದ ಮರದ ಕಾಂಡ ಒಂದು ಮೊಳ ದೂರದಲ್ಲಿರುತ್ತದೆ. ಕೆಲವು ಕಾಂಡಗಳು ಆಳೆತ್ತರದ ತನಕ ಬೆತ್ತಲೆ, ಕೆಂಪುಗಂದು ಬಣ್ಣ, ಚಡ್ಡಿ ಬಿಚ್ಚಿದ ಹುಡುಗರ ಹಾಗೆ. ಅಲ್ಲಿಂದ ಮೇಲಕ್ಕೆ ಒರಟು ಬೂದು ತೊಗಟೆ. ಅಷ್ಟು ಎತ್ತರದ ತನಕ ಯಾರೋ ಕೊಡಲಿ ಹಿಡಿದು ತೊಗಟೆ ಸುಲಿದಿದ್ದಾರೆ, ಮರಕ್ಕೆ ಗಾಯವಾಗದ ಹಾಗೆ. ಅದೇ ಬಾಟಲಿಯ ಬಿರಡೆಯಾಗುವುದು. ಮೊದಲ ಸುಲಿತಕ್ಕೆ ಮರಕ್ಕೆ ಇಪ್ಪತ್ತೈದು ಮೂವತ್ತು ವರ್ಷ ಆಗಿರಬೇಕು. ಅದನ್ನು 'ಗಂಡು' ತೊಗಟೆ ಅಂತಾರೆ, ಒಡಕು ಒಡಕು, ಬಿರಡೆಗೆ ಬರುವುದಿಲ್ಲ. ಆಮೇಲೆ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬೆಳೆಯುವ 'ಹೆಣ್ಣು' ತೊಗಟೆಯೇ ಬೆಲೆಯುಳ್ಳದ್ದು.

ಬೆತ್ತಲೆ ಮರಗಳನ್ನು ಎಣಿಸುತ್ತಾ ಹತ್ತಿದೆ. ಅರ್ಧ ಗಂಟೆಗೆ ಎಣಿಕೆ ನಿಂತೇ ಹೋಯಿತು, ಯಾಕಂದ್ರೆ ಮುಂದೆ ಸುಲಿದ ಮರವೇ ಇಲ್ಲ. ಹಳೇ ಮರಗಳಿವೆ, ದಪ್ಪ ತೊಗಟೆ ಹೊತ್ತು ನಿಂತಿವೆ. ಕೆಳಗೆ ಎದೆಮಟ್ಟದ ಪೊದೆ, ಒಳಗೆ ಕಾಲಿಡಲು ಜಾಗವಿಲ್ಲ. 19ನೇ ಶತಮಾನದಲ್ಲಿ ಈ ಬೆಟ್ಟದ ಊರುಗಳಲ್ಲಿ ಬಿರಡೆ ಕಾರ್ಖಾನೆಗಳಿದ್ದವು, ಸಾವಿರಾರು ಮನೆಗಳ ಊಟ ಈ ಮರದಿಂದ ಬರುತ್ತಿತ್ತು. ಈಗ ಜಗತ್ತಿನ ಸುಮಾರು ಅರ್ಧ ಕಾರ್ಕ್ ಪೋರ್ಚುಗಲ್‌ನದ್ದು. ಇಲ್ಲಿ ಸುಲಿಯುವವರು ಬೆರಳೆಣಿಕೆ. ಪೊದೆ ಸವರಿ ಮರದ ಬುಡಕ್ಕೆ ದಾರಿ ಮಾಡಿಕೊಳ್ಳುತ್ತಿದ್ದವರು ಅವರೇ. ಅವರು ಹೋದ ಮೇಲೆ ಪೊದೆ ತನ್ನಷ್ಟಕ್ಕೆ ಬೆಳೆಯಿತು.

ಅದು ಏನು ಮಾಡಿತು ಅನ್ನುವುದು ಮೂರನೇ ದಿನ ಕಂಡಿತು. ಅದಕ್ಕೆ ಆಮೇಲೆ ಬರ್ತೇನೆ.

ರಾತ್ರಿ ಉಳಿದದ್ದು ಕೊಲೊಬ್ರಿಯೇರ್‌ನಲ್ಲಿ. ಚೆಸ್ಟ್‌ನಟ್‌ನ ರಾಜಧಾನಿ ಅಂತಲೇ ಕರೀತಾರೆ, ಅಕ್ಟೋಬರ್ ಭಾನುವಾರಗಳಲ್ಲಿ ಚೆಸ್ಟ್‌ನಟ್ ಹಬ್ಬ. ತೂತು ತೂತಿನ ಬಾಣಲೆಯಲ್ಲಿ ಕೆಂಡದ ಮೇಲೆ ಹುರಿದು ಕಾಗದದ ಪೊಟ್ಟಣದಲ್ಲಿ ಕೊಟ್ಟರು. ಬಾಯಿಗೆ ಹಾಕಿದೆ, ಸುಟ್ಟ ಹಲಸಿನ ಬೇಳೆ! ಸ್ವಲ್ಪ ಸಿಹಿ ಹೆಚ್ಚು, ಅಷ್ಟೆ. ಮಳೆಗಾಲದ ಸಂಜೆ, ಬಚ್ಚಲೊಲೆಯ ಮುಂದೆ ಕೂತ ಹಾಗಾಯಿತು. ಆಯಿಗೆ ಫೋಟೋ ಕಳಿಸಿದೆ. ಚೆಸ್ಟ್‌ನಟ್ ತೋಪುಗಳೂ ಕಾಡಲ್ಲ, ಕಸಿ ಕಟ್ಟಿ ಬೆಳೆಸಿದ ತೋಟ. ಬಿಟ್ಟುಹೋದ ತೋಪುಗಳೂ ಬಹಳ. ಇನ್ನೂರು ಮುನ್ನೂರು ವರ್ಷದ ಮರಗಳು ಅರ್ಧ ಒಣಗಿ, ಬುಡದಲ್ಲಿ ಕಾಯಿ ಸುರಿದು, ಆಯುವವರಿಲ್ಲದೆ ಕಾಡುಹಂದಿ ತಿನ್ನುತ್ತಿವೆ.

ಎರಡನೇ ದಿನ ಗ್ರಿಮೋ ಕಡೆ ಹೋಗುವ ದಾರಿ, ಮೂವತ್ತು ಚಿಲ್ಲರೆ ಕಿಲೋಮೀಟರ್, ಬರೀ ತಿರುವು. ಮಧ್ಯೆ ಅಡ್ಡದಾರಿ ಹಿಡಿದರೆ ಲ ವೆರ್ನ್ ಅನ್ನುವ ಮಠ. 1170ರಲ್ಲಿ ಶುರುವಾದದ್ದು, ಬಾಗಿಲ ಚೌಕಟ್ಟೆಲ್ಲ ಹಸಿರು ಸರ್ಪೆಂಟೈನ್ ಕಲ್ಲು. ಮಠದ ಬಗ್ಗೆ ಇನ್ನೊಮ್ಮೆ ಬರೀತೇನೆ. ಹಂದಿ ಬೇಟೆಯ ಕಾಲವಾದ್ದರಿಂದ ಕಿತ್ತಳೆ ಅಂಗಿಯವರು ಬಂದೂಕು ಹಿಡಿದು ರಸ್ತೆ ಬದಿ ನಿಂತಿದ್ದರು. ಈ ದಿನಗಳಲ್ಲಿ ಹೋಗುವವರು ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ತೊಡಿ, ಫ್ಯಾಷನ್ ಆಮೇಲೆ.

ಮೂರನೇ ದಿನ ಲ ಗಾರ್ದ್ ಫ್ರೆನೆಯಿಂದ ಬೆಟ್ಟದ ನೆತ್ತಿಯ ದಾರಿ, ಬಹುಪಾಲು ಜಲ್ಲಿ. ನೀರಿನ ಲೆಕ್ಕ ತಪ್ಪಿತು. ನೊತ್ರ್ ದಾಮ್ ದೆಜಾಂಜ್ ಶಿಖರಕ್ಕೆ ಇನ್ನೂ ಗಂಟೆ ಇರುವಾಗಲೇ ಮೂರೂ ಬಾಟಲಿ ಖಾಲಿ. ಅಣಬೆ ಆಯಲು ಬಂದಿದ್ದ ಅಜ್ಜ ಒಬ್ಬರು ತಮ್ಮ ಬಾಟಲಿಯ ಅರ್ಧ ನೀರು ಸುರಿದುಕೊಟ್ಟರು. ಅಣಬೆ ಎಲ್ಲಿ ಸಿಕ್ಕಿತು ಅಂತ ಕೇಳಿದೆ, ಕೈಬೀಸಿ ಇಡೀ ಬೆಟ್ಟವನ್ನೇ ತೋರಿಸಿದರು. ನಮ್ಮೂರಲ್ಲೂ ಅಣಬೆ ಏಳುವ ಜಾಗವನ್ನು ಯಾರೂ ಹೇಳುವುದಿಲ್ಲ ಬಿಡಿ.

ಆ ದಾರಿಯಲ್ಲೇ ಸುಟ್ಟ ಕಾಡು ನೋಡಿದ್ದು. 2021ರ ಆಗಸ್ಟ್ 16ರಂದು ಗೊನ್‌ಫರೋಂ ಹತ್ತಿರ, ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದ ಬಳಿ ಹತ್ತಿದ ಬೆಂಕಿ, ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿಗೆ ಸಮುದ್ರದ ಕಡೆ ಓಡಿತು. ಸುಮಾರು ಏಳು ಸಾವಿರ ಹೆಕ್ಟೇರ್ ಕಾಡು ಹೋಯಿತು, ಇಬ್ಬರು ಸತ್ತರು. ಹರ್ಮನ್ ಆಮೆ ಅಂತ ಒಂದು ನೆಲದ ಆಮೆ ಇದೆ. ಫ್ರಾನ್ಸಿನ ಮುಖ್ಯ ನೆಲದಲ್ಲಿ ಅದು ಉಳಿದಿರುವುದೇ ಈ ಸೀಮೆಯಲ್ಲಿ. ಅದಕ್ಕಾಗಿ ಕಾದಿಟ್ಟ ಬಯಲೂ ಸುಟ್ಟಿತು.

ಪೈನ್ ಮರಗಳು ಕಡ್ಡಿಗಳಾಗಿ ನಿಂತಿವೆ. ಕಾರ್ಕ್ ಓಕ್ ಮಾತ್ರ ಕಾಂಡವೆಲ್ಲ ಇದ್ದಿಲಿನಷ್ಟು ಕಪ್ಪು, ನೆತ್ತಿಯಲ್ಲಿ ಹಸಿರು ಚಿಗುರು. ಆ ದಪ್ಪ ತೊಗಟೆ ಇರುವುದೇ ಬೆಂಕಿಗೆ ಅಂತ ಆಗ ತಿಳಿಯಿತು. ಇಲ್ಲೊಂದು ಇಕ್ಕಟ್ಟಿದೆ, ಕಾಡಿಗೆ ಜನರ ಓಡಾಟ ಬೇಕು ಅನ್ನುವ ನನ್ನ ವಾದಕ್ಕೆ ತೊಡಕಾದರೂ ಹೇಳಲೇಬೇಕು. ಹೊಸದಾಗಿ ಸುಲಿದ ಮರಕ್ಕೆ ಬೆಂಕಿ ತಗುಲಿದರೆ ಅದು ಬದುಕುವುದು ಕಷ್ಟ. ಸುಲಿಯದೆ ಬಿಟ್ಟ ಮರವೇ ಚಿಗುರುವುದು. ಆದರೆ ಸುಲಿಯುವವರು ಓಡಾಡುತ್ತಿದ್ದ ಕಾಡಿನಲ್ಲಿ ಬೆಂಕಿ ಹೀಗೆ ಓಡುವುದಕ್ಕೆ ಮೇವೂ ಇರುತ್ತಿರಲಿಲ್ಲ. ಹವೆ ಬಿಸಿಯಾಗುತ್ತಿದೆ, ಬರ ಹೆಚ್ಚಾಗಿದೆ, ಅದು ಸರಿ. ಮೇವು ಒಟ್ಟಿ ಇಟ್ಟವರು ಯಾರು ಅನ್ನುವ ಪ್ರಶ್ನೆಯೂ ಉಳಿಯುತ್ತದೆ.

'ಕಾಡನ್ನು ಅದರ ಪಾಡಿಗೆ ಬಿಟ್ಟುಬಿಡಿ' ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಸೊಪ್ಪಿನಬೆಟ್ಟ ನೆನಪಾಗುತ್ತದೆ. ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟುಕೊಟ್ಟ ಬೆಟ್ಟ. ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಲೆಕ್ಕ. ಅಪ್ಪಯ್ಯ ಜನವರಿ ಹೊತ್ತಿಗೆ ದರಕು ಗುಡಿಸಿ ಕಲ್ಲಿಯಲ್ಲಿ (ಹಗ್ಗದ ಬಲೆಚೀಲ) ತುಂಬಿ ಕೊಟ್ಟಿಗೆಗೆ ಹೊರುತ್ತಿದ್ದರು. ನನ್ನ ಮೊದಲ ಸೈಕಲ್ ಸವಾರಿ, ಒಳಪೆಡ್ಲು, ಆ ಬೆಟ್ಟದ ದಾರಿಯಲ್ಲೇ. ಮಿತಿಮೀರಿ ಸೊಪ್ಪು ಕಡಿದು ಬೋಳಾದ ಬೆಟ್ಟಗಳೂ ಇವೆ, ಸುಳ್ಳು ಹೇಳಲ್ಲ. ಈಗ ದನ ಇಲ್ಲ, ಗುಡಿಸುವವರಿಲ್ಲ, ದರಕು ಮೊಣಕಾಲುದ್ದ ಬಿದ್ದಿರುತ್ತದೆ. ಮಾರ್ಚ್ ಬಂತೆಂದರೆ ಊರವರಿಗೆಲ್ಲ ಒಂದೇ ಹೆದರಿಕೆ.

ಹಾಗಾಗಿ ಅಪ್ಪಯ್ಯನಿಗೆ ನನ್ನ ಉತ್ತರ: ಅಲ್ಲಿಯೂ ನಮ್ಮದೇ ಬೆಟ್ಟ ಸಿಕ್ಕಿತು, ಅದಕ್ಕೇ ಹತ್ತಿದೆ. ಮೈಸೂರಿನ ಗೆಳೆಯನಿಗೆ: ಆಲ್ಪ್ಸ್‌ನಲ್ಲಿ ಹಿಮ ನೋಡಬಹುದು, ಒಪ್ಪಿದೆ. ಸುಲಿದ ಮರ ನೋಡಬೇಕೆಂದರೆ ಇಷ್ಟು ಕೆಳಗೇ ಇರಬೇಕು, ಇಷ್ಟು ನಿಧಾನಕ್ಕೇ ಹೋಗಬೇಕು. ಕನಿಕರದಿಂದ ಕೇಳಿದವನಿಗೆ: ಸೈಕಲ್ ಕೆಟ್ಟಿರಲಿಲ್ಲ.

ಮಾರ್ಚ್ ಕೊನೆಗೆ ಮತ್ತೆ ಹೋಗುವ ಅಂದಾಜಿದೆ, ಮರದೆತ್ತರದ ಹೀದರ್ ಪೊದೆಗಳು ಬಿಳಿ ಹೂ ಬಿಡುವ ಹೊತ್ತು. ಬೇಸಿಗೆಯಲ್ಲಿ ಆಗುವುದಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ದಿನಾ ಸಂಜೆ ಮರುದಿನದ ಬೆಂಕಿ ಅಪಾಯದ ನಕ್ಷೆ ಹಾಕ್ತಾರೆ, ಕೆಂಪು ಬಂದ ದಿನ ಕಾಡಿನ ಹಾದಿಗೆ ಪ್ರವೇಶವಿಲ್ಲ. ನೀಸ್, ಮಾರ್ಸೇ ಕಡೆಯ ಕನ್ನಡದವರು ಯಾರಾದರೂ ಬರುವುದಾದರೆ ಕಮೆಂಟ್ ಹಾಕಿ. ಹಿಂದಿನ ಚಕ್ರಕ್ಕೆ ಮೂವತ್ನಾಲ್ಕು ಹಲ್ಲಿನ ಗೇರ್ ಹಾಕಿಸಿಕೊಂಡು ಬನ್ನಿ. ನೀರು ನಾಲ್ಕು ಬಾಟಲಿ.