ಪುತ್ತರಿಗೊಂದು ಕುಲಾವಿ

ನನ್ನ ಬ್ಲಾಗಿಗೆ 13 ವರ್ಷ ತುಂಬಿದಾಗ ಅದರಲ್ಲಿದ್ದ ಬರಹಗಳು ಒಟ್ಟು 26. ಕಾಫಿ ಕೊಯ್ಲು ಮುಗಿದ ಮೇಲೊಂದು, ಮಳೆ ಹಿಡಿದು ಅಂಗಳಕ್ಕೂ ಇಳಿಯಲಾಗದ ಕಕ್ಕಡ ತಿಂಗಳಲ್ಲೊಂದು, ಹೀಗೆ ವರ್ಷಕ್ಕೆರಡು ಫಸಲು. ಈ ಬಡ ಇಳುವರಿಗೆ ಕಾರಣ ನನ್ನ ಸೋಮಾರಿತನವೆಂದು ಮನೆಯವರು ಹೇಳುತ್ತಿದ್ದರೂ ನಾನು ಮಾತ್ರ ಒಪ್ಪಿರಲಿಲ್ಲ. ಅಕ್ಟೋಬರ್ ತಿಂಗಳ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವ ನೋಡಲು ಬಂದ ಸೋದರಳಿಯ, ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ಎರಡು ದಿನ ತಂಗಿದ್ದಾಗ ನನ್ನ ಬ್ಲಾಗನ್ನು ಕಂಡು, "ಮಾವ, ಇದು ಹಳೇ ಮದುವೆ ಕರೆಯೋಲೆ ಇದ್ದ ಹಾಗಿದೆ" ಎಂದಾಗ ನನಗೆ ಬೇಸರಕ್ಕಿಂತ ಸಮಾಧಾನವೇ ಹೆಚ್ಚಾಯಿತು. ತಪ್ಪು ಬರೆಯುವವನದ್ದಲ್ಲ, ವಿನ್ಯಾಸದ್ದು ಎಂಬ ನನ್ನ ಅನುಮಾನಕ್ಕೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವನ ಸಾಕ್ಷಿಯೂ ದೊರೆತಂತಾಗಿತ್ತು. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಬ್ಲಾಗನ್ನು ಹೊಸದಾಗಿ ಸಿಂಗರಿಸಿ, 27ನೆಯ ಬರಹವನ್ನು ಅದ್ದೂರಿಯಾಗಿ ಪ್ರಕಟಿಸುವುದೆಂದು ತೀರ್ಮಾನಿಸಿದೆ.

ಅಳಿಯ ಹೋಗುವಾಗ ಹತ್ತಾರು ಉಚಿತ ಸಲಕರಣೆಗಳ ಹೆಸರನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟಿದ್ದ. ಅವುಗಳಲ್ಲಿ ಮೊದಲನೆಯದು ಪುಟದ ಮೇಲೆ ಹಿಮ ಬೀಳಿಸುವಂಥದ್ದು. ಹಿಮ ನಮಗೇಕೆಂದು ಅದರ ಬಣ್ಣವನ್ನೂ ವೇಗವನ್ನೂ ಬದಲಾಯಿಸಿ ಮಳೆ ಮಾಡಿಕೊಂಡೆ. "ಜೂನ್‌ನಿಂದ ಕಂಡ ಮಳೆ ಸಾಲಲಿಲ್ಲವೇ ನಿಮಗೆ?" ಎಂದು ಹೆಂಡತಿ ಕೇಳಿದ ಮೇಲೆ ತೆಗೆದುಹಾಕಿದೆ.

ಎರಡನೆಯದು ನನಗೆ ನಿಜಕ್ಕೂ ಇಷ್ಟವಾದದ್ದು. ಹಳೆಯ ಪುಸ್ತಕಗಳಲ್ಲಿ ಅಧ್ಯಾಯದ ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ಎತ್ತರವಾಗಿ ಅಚ್ಚು ಹಾಕುತ್ತಿದ್ದರಲ್ಲ, ಹಾಗೆ ಪ್ರತಿ ಬರಹದ ಮೊದಲ ಅಕ್ಷರವನ್ನು ತಾನಾಗಿಯೇ ಹಿಗ್ಗಿಸುವ ನಾಲ್ಕೇ ಸಾಲಿನ ಕೋಡು ಅದು. ಬರೆದ ಪುಣ್ಯಾತ್ಮನಿಗೆ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಇದೆಯೆಂಬ ಅರಿವು ಇದ್ದಂತಿರಲಿಲ್ಲ. ನಾವು ‘ಕೊ’ ಎನ್ನುವುದು ಒಂದೇ ಅಕ್ಷರವಾದರೂ ಕಂಪ್ಯೂಟರು ಲಿಪಿಗಳನ್ನು ಗುರುತಿಸುವ ಯುನಿಕೋಡ್ ಲೆಕ್ಕದಲ್ಲಿ ಅದು ಎರಡು: ‘ಕ’ ಒಂದು, ಅದಕ್ಕೆ ಅಂಟುವ ಸ್ವರಚಿಹ್ನೆ ಇನ್ನೊಂದು. ಕೋಡು ನಿಯತ್ತಾಗಿ ಮೊದಲನೆಯದನ್ನಷ್ಟೇ ಕಿತ್ತು ದೊಡ್ಡದು ಮಾಡಿತು. "ಕೊಡಗಿನ" ಎಂದು ಆರಂಭವಾಗುತ್ತಿದ್ದ ನನ್ನ ಬರಹದಲ್ಲಿ ಬೋಳು ‘ಕ’ವೊಂದು ಮೂರು ಸಾಲೆತ್ತರ ನಿಂತು, ಅದರ ಪಕ್ಕದಲ್ಲಿ ತಾಯಿಯಿಂದ ಅಗಲಿದ ಸ್ವರಚಿಹ್ನೆಯು ಚುಕ್ಕಿಗಳಿಂದಾದ ಒಂದು ಖಾಲಿ ಸೊನ್ನೆಯನ್ನು ತಬ್ಬಿಕೊಂಡು, ಆಮೇಲೆ "ಡಗಿನ" ಎಂದು ಸಾಲು ಮುಂದುವರಿದಿತ್ತು. ಆಧಾರ ವ್ಯಂಜನವಿಲ್ಲದ ಸ್ವರಚಿಹ್ನೆಗೆ ಕಂಪ್ಯೂಟರು ಕರುಣೆಯಿಂದ ಒದಗಿಸುವ ಊರುಗೋಲೇ ಆ ಚುಕ್ಕಿಸೊನ್ನೆ. ಕಾಫಿ ತಂದ ಹೆಂಡತಿ ಕನ್ನಡಕ ಏರಿಸಿ ನೋಡಿ, "ಬೋರರ್ ಹುಳು ಹೊಕ್ಕ ಕಾಯಿ ಇದ್ದಂತಿದೆ" ಎಂದಳು. ತೋಟದವರಿಗೆ ಕಾಣುವುದು ತೋಟವೇ. ನಾನು ಎರಡು ದಿನ ಒದ್ದಾಡಿ, ಕೊನೆಗೆ ಬರಹವನ್ನು ‘ಈ’ ಎಂಬ ಒಂಟಿ ಸ್ವರದಿಂದ ಆರಂಭಿಸಿ ಸಮಸ್ಯೆಯನ್ನು ಬಗೆಹರಿಸಿಕೊಂಡೆ. ಹಳೆಯ 26 ಬರಹಗಳಿಗೂ ಈಗ ‘ಈ’, ‘ಆ’ ಎಂದೇ ಆರಂಭ. ಒಂದನ್ನು ಮಾತ್ರ, ಬೇರೆ ದಾರಿ ಕಾಣದೆ, ‘ಓಹೋ’ ಎಂದು ಶುರು ಮಾಡಿದ್ದೇನೆ. ಅದು ನಮ್ಮ ತಾತನವರ ತಿಥಿಯ ಬಗೆಗಿನ ಬರಹ.

ಮೂರನೆಯ ಸಲಕರಣೆ ಶೀರ್ಷಿಕೆಗೆ ಅಂಕ ಕೊಡುವಂಥದ್ದು. "ಹುತ್ತರಿಯ ಕದಿರು" ಎಂದು ಬೆರಳಚ್ಚಿಸಿದೆ. ನಮ್ಮ ಲೆಕ್ಕಕ್ಕೆ ಅದರಲ್ಲಿರುವುದು ಏಳೇ ಅಕ್ಷರ. ಅದಾದರೋ ಗುಣಿತ, ಒತ್ತು, ನಡುವಿನ ಖಾಲಿ ಜಾಗ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ 14 ಎಂದಿತು. ಪಾಪ, ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಅದರ ಎಣಿಕೆ ಆರು. ಅಷ್ಟಕ್ಕೇ ನಿಲ್ಲದೆ, ಪುಟದ ವಿಳಾಸದಲ್ಲಿಯೂ ಶೀರ್ಷಿಕೆಯ ಪದಗಳಿದ್ದರೆ ಹುಡುಕುವವರಿಗೆ ಅನುಕೂಲವೆಂಬ ಸಲಹೆಯನ್ನೂ ಕೊಟ್ಟಿತು. ವಿಳಾಸವನ್ನು ಕನ್ನಡದಲ್ಲಿಯೇ ಇರಿಸಿಕೊಳ್ಳುವುದಕ್ಕೆ ಇನ್ನೊಂದು ಸಲಕರಣೆಯೂ ಪಟ್ಟಿಯಲ್ಲಿತ್ತು; ಅಭಿಮಾನದಿಂದ ಅದನ್ನೂ ಹಚ್ಚಿದೆ. ಬ್ರೌಸರಿನಲ್ಲಿ ಕನ್ನಡದ ವಿಳಾಸ ಕಂಡು ಕಣ್ತುಂಬಿ ಬಂದದ್ದೂ ನಿಜ. ಆದರೆ ಅದನ್ನು ನಕಲು ಮಾಡಿ ಕುಟುಂಬದ ವಾಟ್ಸಾಪ್ ಗುಂಪಿಗೆ ಅಂಟಿಸಿದಾಗ ಅದು ಬೇರೆಯೇ ಅವತಾರ ತಾಳಿತು. ಯುನಿಕೋಡನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಮೂರು ಬೈಟು. ವಿಳಾಸಕ್ಕೆ ಬಂದಾಗ ಪ್ರತಿ ಬೈಟಿಗೂ ಒಂದು ಶೇಕಡಾ ಗುರುತು, ಅದರ ಬಾಲಕ್ಕೆ ಎರಡು ಅಂಕಿ ಅಥವಾ ಅಕ್ಷರ. ಹೀಗೆ ಒಂದಕ್ಕೆ ಒಂಬತ್ತಾಗಿ, ನನ್ನ ಎರಡು ಪದಗಳ ಶೀರ್ಷಿಕೆ ನಡುವಿನ ಅಡ್ಡಗೆರೆಯೂ ಸೇರಿ 118 ಗುರುತುಗಳ ರೈಲಾಗಿ ಗುಂಪಿನೊಳಗೆ ಬಂದು ನಿಂತಿತು. ಐದು ನಿಮಿಷದೊಳಗೆ ಕುಶಾಲನಗರದ ಷಡ್ಡಕರು, "ಯಾರೂ ಒತ್ತಬೇಡಿ, ಭಾವನವರ ಫೋನು ಹ್ಯಾಕ್ ಆಗಿದೆ, ಬ್ಯಾಂಕಿನ ದುಡ್ಡು ಹೋಗುತ್ತದೆ" ಎಂದು ದಪ್ಪಕ್ಷರದಲ್ಲಿ ಎಚ್ಚರಿಸಿದರು. ನಾನೇ ಕಳುಹಿಸಿದ್ದೆಂದು ಸ್ಪಷ್ಟೀಕರಣ ಕೊಟ್ಟರೆ, ಹ್ಯಾಕ್ ಮಾಡಿದವರೂ ಹಾಗೆಯೇ ಹೇಳುತ್ತಾರೆಂದು ಇನ್ನೊಬ್ಬರು ಅಂದರು.

ಟೆಂಪ್ಲೇಟಿಗೆ, ಅಂದರೆ ಬ್ಲಾಗಿನ ವಿನ್ಯಾಸವನ್ನು ಎಕ್ಸ್‌ಎಂಎಲ್ ಎಂಬ ಕೋಡಿನಲ್ಲಿ ಬರೆದಿಟ್ಟ ಕಡತಕ್ಕೆ, ಕೈ ಹಾಕಿದ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ. ಎಕ್ಸ್‌ಎಂಎಲ್‌ನ ನಡುವೆ ‘ಮತ್ತು’ ಎಂಬರ್ಥದ ಆ ಗಂಟುಗಂಟಾದ ಚಿಹ್ನೆಯನ್ನು (&) ಹಾಗೆಯೇ ಬಿಟ್ಟರೆ ಇಡೀ ಕಡತ ಕೆಟ್ಟಂತೆ. ನಾನು ಅಂಥದ್ದೊಂದನ್ನು ಬಿಟ್ಟಿದ್ದೆ. ಎಲ್ಲಿ ಎಂದು ಹುಡುಕುತ್ತಿರುವಾಗ ಸಿಲ್ವರ್ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಅದು ಮರಳಿದ್ದು ಮೂರನೆಯ ದಿನ. ಅಳಿಯ ಮೊದಲೇ ಒಂದು ಪ್ರತಿ ತೆಗೆದಿರಿಸಿದ್ದರಿಂದ ಬ್ಲಾಗು ಉಳಿಯಿತು.

ಇಷ್ಟಾದರೂ ಬುದ್ಧಿ ಬಾರದೆ, ಹಬ್ಬಕ್ಕೆ ನಾಲ್ಕು ದಿನವಿರುವಾಗ ಕೊನೆಯ ಮೂರು ಸಲಕರಣೆಗಳನ್ನು ಒಟ್ಟಿಗೇ ಜೋಡಿಸಿದೆ. ಮೊದಲನೆಯದು ಕಾಗುಣಿತ ತಿದ್ದುವುದು, ಎರಡನೆಯದು ನಿಗದಿಪಡಿಸಿದ ಹೊತ್ತಿಗೆ ಬರಹವನ್ನು ಪ್ರಕಟಿಸುವುದು, ಮೂರನೆಯದು ಪ್ರಕಟವಾದ ತಕ್ಷಣ ಬಂಧುಬಳಗದವರ ಇ-ಮೇಲಿಗೆಲ್ಲ ಕಳುಹಿಸಿಬಿಡುವುದು. ಬಿಡಿಬಿಡಿಯಾಗಿ ಮೂವರೂ ಸಜ್ಜನರೇ.

ಹುತ್ತರಿಯ ದಿನ ನೆರೆ ಎಂಬ ಎಲೆಗಳ ಕಟ್ಟನ್ನು ಕಟ್ಟುವ, ಕದಿರು ತೆಗೆಯುವ, ಊಟ ಮಾಡುವ ಹೊತ್ತುಗಳು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಗೊತ್ತಾಗಿ ಊರಿಗೆಲ್ಲ ತಿಳಿಯುತ್ತವೆ. ಅದನ್ನು ನೋಡಿಕೊಂಡು, ನೆರೆಹೊರೆಯ ಕೊಡವ ಗೆಳೆಯರಿಗೂ ಸಂತೋಷವಾಗಲೆಂದು, ಶೀರ್ಷಿಕೆಯಲ್ಲಿ ಹುತ್ತರಿ ಎಂದಿದ್ದರೂ ಬರಹದೊಳಗೆ ಅವರ ಮಾತಿನಂತೆ ಪುತ್ತರಿ ಎಂದೇ ಬರೆದೆ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು. ಕೊಡವರ ಮಾತಾದ ಕೊಡವ ತಕ್ಕ್ ಆ ‘ಪ’ಕಾರವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಈ ವಿಷಯವನ್ನೇ ಒಂದು ಪ್ಯಾರಾದಲ್ಲಿ ವಿವರಿಸಿ, ಕೊನೆಗೆ, "ಇಂದು ರಾತ್ರಿ 8.30ಕ್ಕೆ ನಮ್ಮ ಮನೆಗೆ ಪುತ್ತರಿ ಬರಲಿದೆ. ಎಲ್ಲರೂ ಬಂದು ಹರಸಿ, ತಂಬಿಟ್ಟು ತಿಂದು ಹೋಗಬೇಕು" ಎಂದು ಮುಗಿಸಿ, ಹಬ್ಬದ ದಿನ ಬೆಳಿಗ್ಗೆ 6 ಗಂಟೆಗೆ ಪ್ರಕಟವಾಗಲೆಂದು ಸಮಯ ಕೊಟ್ಟು ನಿಶ್ಚಿಂತನಾದೆ.

ಬೆಳಿಗ್ಗೆ ನೋಡಿದರೆ ಬರಹ ಬಂದಿರಲಿಲ್ಲ. ಮನೆಯಲ್ಲಿ ಕೆಲಸವಿತ್ತು, ಗೆಣಸು ಬೇಯುತ್ತಿತ್ತು, ಮರೆತೆ. ಗಡಿಯಾರದ ಆಯ್ಕೆ ಅಮೆರಿಕದ ಪಶ್ಚಿಮ ಕರಾವಳಿಯ ಸಮಯಕ್ಕೆ ಇತ್ತೆಂದು ತಿಳಿದದ್ದು ಆಮೇಲೆ. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅವರ ಬೆಳಗಿನ 6 ಎಂದರೆ ನಮಗೆ ಸಂಜೆ 7.30. ಆ ಹೊತ್ತಿಗೆ ನಾವು ಹೊಸ ಬಟ್ಟೆಯುಟ್ಟು, ಸಿಗ್ನಲ್ ಸಿಗದ ಗದ್ದೆಗೆ ಫೋನೇಕೆಂದು ಅದನ್ನು ದೇವರ ಕೋಣೆಯ ಕಿಟಕಿಯಲ್ಲಿಟ್ಟು ಹೊರಟಾಗಿತ್ತು. ಬೆಳದಿಂಗಳಲ್ಲಿ ಕೋವಿಯ ಸದ್ದು, "ಪೊಲಿ ಪೊಲಿ ದೇವಾ" ಎಂಬ ಕೂಗು, ಕೈಯಲ್ಲಿ ಕದಿರಿನ ಕಟ್ಟು. ಮರಳಿ ಬಂದು ನೋಡಿದರೆ ಉತ್ತರಿಸದ ಕರೆಗಳು 19.

ಕಾಗುಣಿತದ ಸಜ್ಜನನು ‘ಪುತ್ತರಿ’ ಎಂಬ ಪದವನ್ನು ಕಂಡಿರಲಿಲ್ಲ. ತನಗೆ ಗೊತ್ತಿದ್ದ ಅತಿ ಹತ್ತಿರದ ಪದವನ್ನು, ನನ್ನನ್ನು ಕೇಳದೆಯೇ, ಬರಹದುದ್ದಕ್ಕೂ ತುಂಬಿದ್ದ. "ಇಂದು ರಾತ್ರಿ 8.30ಕ್ಕೆ ನಮ್ಮ ಮನೆಗೆ ಪುತ್ರಿ ಬರಲಿದೆ. ಎಲ್ಲರೂ ಬಂದು ಹರಸಿ" ಎಂಬ ಒಕ್ಕಣೆ, 61 ವರ್ಷದ ನನ್ನ ಸಹಿಯೊಂದಿಗೆ, ಮೂವತ್ತು ಮಂದಿ ನೆಂಟರ ಇ-ಮೇಲಿಗೂ ಅಲ್ಲಿಂದ ವಾಟ್ಸಾಪಿಗೂ ತಲುಪಿತ್ತು. ಬ್ಲಾಗಿನಲ್ಲಿ ತಿದ್ದಬಹುದು, ಹೋದ ಇ-ಮೇಲನ್ನು ತಿದ್ದುವ ಸಲಕರಣೆ ಅಳಿಯನ ಪಟ್ಟಿಯಲ್ಲಿರಲಿಲ್ಲ. ಕುಶಾಲನಗರದ ಷಡ್ಡಕರು ಈ ಬಾರಿ ಹ್ಯಾಕ್ ಎನ್ನಲಿಲ್ಲ, ಅಭಿನಂದನೆ ಎಂದಿದ್ದರು; ಅದೇ ಹೆಚ್ಚು ಬೇಸರ ತಂದಿತು.

ಸುಂಟಿಕೊಪ್ಪದ ದೊಡ್ಡಮ್ಮನಿಗೆ ವಾಪಸು ಕರೆ ಮಾಡಿದಾಗ ರಾತ್ರಿ ಹನ್ನೊಂದಾಗಿತ್ತು. ಅವರು ನಿದ್ದೆ ಮಾಡಿರಲಿಲ್ಲ. "ಏನೋ, ಈಗ ಗಳಿಗೆ ನೋಡಿ ಹೆರಿಗೆ ಮಾಡಿಸುತ್ತಾರಂತೆ, ಕೇಳಿದ್ದೇನೆ. ಆದರೆ ಈ ವಯಸ್ಸಿನಲ್ಲಿ ಅವಳಿಗೆ ಯಾಕೋ ಇದೆಲ್ಲ?" ಎಂದರು. ‘ಪ’ಕಾರ ‘ಹ’ಕಾರದ ವಿಷಯವನ್ನು ನಾನು ಆದಷ್ಟು ಸರಳವಾಗಿ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡು, "ತಾಯಿ, ಮಗು ಕ್ಷೇಮ ತಾನೆ?" ಎಂದು ಫೋನಿಟ್ಟರು.

ಮೂರನೆಯ ದಿನ ಅವರೇ ಬಸ್ಸಿಳಿದು ಬಂದರು. ನನ್ನ ಹೆಂಡತಿ ಕಣದಲ್ಲಿ ಕಾಫಿ ಹರಡುತ್ತಿದ್ದುದನ್ನು ಕಣ್ಣಾರೆ ಕಂಡ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು. ಕೈಚೀಲದಲ್ಲಿ, ಆ ರಾತ್ರಿಯೇ ಹೆಣೆಯಲು ಕೂತು ಮುಗಿಸಿದ ಗುಲಾಬಿ ಬಣ್ಣದ ಉಣ್ಣೆಯ ಕುಲಾವಿ. ಹೆಣೆದದ್ದನ್ನು ಬಿಚ್ಚಬಾರದೆಂದು ಅದನ್ನು ನಮ್ಮಲ್ಲಿಯೇ ಬಿಟ್ಟು ಹೋದರು. ಗುಡುಗುವಾಗ ತಂತಿ ಕಿತ್ತಿಡುವ ಮೋಡೆಮ್‌ಗೆ ಅದು ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. ಮೊನ್ನೆ ವಿಡಿಯೊ ಕರೆಯಲ್ಲಿ ಅದನ್ನು ಗಮನಿಸಿದ ಅಳಿಯ, "ಮಾವ, ಉರಿಯುವಾಗ ಅದಕ್ಕೆ ಗಾಳಿಯಾಡಬೇಕು, ತೆಗೆದುಬಿಡಿ" ಎಂದ. ತೆಗೆಯಲು ನಾನು ಕೈ ಚಾಚಿದರೆ, ನನ್ನ ಹೆಂಡತಿ ಅದರ ದಾರವನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತ, "ಈ ಚಳಿಗೆ ಶೀತವಾದರೆ ಮಡಿಕೇರಿಗೆ ಎತ್ತಿಕೊಂಡು ಹೋಗುವವರು ನೀವೇನಾ?" ಎಂದಳು.