ಲಂಡನ್ನಿಂದ ಪತ್ರ ಬಂದೈತಂತೆ!

ಹರಿಹರದಲ್ಲಿ ತುಂಗಭದ್ರೆಯ ಹಳೆ ಸೇತುವೆ ನೋಡಲು ಹೋದವರಿಗೆ ಗೈಡ್ ಬೇಕಾಗುವುದಿಲ್ಲ. ಮಂಡಕ್ಕಿ ಅಂಗಡಿ ಮುಂದೆ ನಿಂತು "ಭಾಳ ಹಳೇದಲ್ರೀ ಇದು?" ಅಂದರೆ ಸಾಕು. ಪಕ್ಕದಲ್ಲಿ ಮಿರ್ಚಿ ಮುರಿಯುತ್ತಿರುವ ಯಜಮಾನರು ಶುರು ಮಾಡುತ್ತಾರೆ.

"ಬ್ರಿಟಿಷರದು ರೀ. ಗಾರೆಗೆ ಕೋಳಿಮೊಟ್ಟೆ, ಬೆಲ್ಲ ಹಾಕ್ಯಾರೆ. ಕಟ್ಟೋವಾಗ ಕಂಬ ನಿಲ್ಲಲಿಲ್ಲಂತೆ. ಬಲಿ ಕೊಟ್ರು, ನಿಂತ್ಕೊಂತು. ಈಗ ಲಂಡನ್ ಕಂಪನಿಯಿಂದ ಪತ್ರ ಬಂದೈತಂತೆ, ಗ್ಯಾರಂಟಿ ಮುಗೀತು ಅಂತ!"

ಈ ಪತ್ರ ನಮ್ಮ ನಾಡಿನ ಎಲ್ಲ ಹಳೆ ಸೇತುವೆಗಳಿಗೂ ಬಂದಿದೆ. ನೋಡಿದವರು ಯಾರೂ ಇಲ್ಲ. ನೋಡಿದವರ ಭಾವಮೈದುನನನ್ನು ಬಲ್ಲವರು ಮಾತ್ರ ಊರಿಗೆ ನಾಲ್ಕು ಜನ ಇದ್ದಾರೆ.

ಸೇತುವೆ ಮುಗಿದಿದ್ದು 1868ರಲ್ಲಿ. ಹೊಳೆಯ ಈಚೆ ಮೈಸೂರು ಸೀಮೆ, ಆಚೆ ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆ. ಬೆಂಗಳೂರು-ಧಾರವಾಡ ರಸ್ತೆ ಹೊಳೆ ದಾಟಲೆಂದು ಕಲ್ಲು, ಇಟ್ಟಿಗೆಯಲ್ಲಿ 14 ಕಮಾನು ಕಟ್ಟಿದರು. ಆಗ ಮೈಸೂರಿನಲ್ಲಿ ಅರಸರ ಬದಲು ಬ್ರಿಟಿಷ್ ಕಮಿಷನರ್ ಆಡಳಿತ, ಕಮಿಷನರ್ ಬೌರಿಂಗ್ ಸಾಹೇಬರ ಕಾಲ. ಆ ಆಡಳಿತವೇ 1881ರಲ್ಲಿ ಗಂಟುಮೂಟೆ ಕಟ್ಟಿತು. ಇನ್ನು ಪತ್ರ ಬರೆಯೋರು ಯಾರು, ದೆವ್ವಗಳಾ?

ಆದರೂ ಬಂದಿದ್ದರೆ ಚೆನ್ನಾಗಿತ್ತು. ದಪ್ಪ ಕಾಗದ, ಕಿರೀಟದ ಮುದ್ರೆ, ಓದಲಾಗದ ಇಂಗ್ಲಿಷ್ ಸಹಿ ಕಂಡರೆ ಕಚೇರಿಯವರು ಒಮ್ಮೆಯಾದರೂ ಕಮಾನಿನ ಕೆಳಗೆ ಇಣುಕುತ್ತಿದ್ದರು. ಕನ್ನಡದ ಅರ್ಜಿಗೆ ಸ್ವೀಕೃತಿ ಸೀಲು ಬೀಳುತ್ತದೆ, ಅಷ್ಟೇ.

ಈ ಕಥೆಯಲ್ಲಿ ಮೊಟ್ಟೆಗೆ ಪಾಲಿದೆ, ಬೆಲ್ಲಕ್ಕೆ ಪಾಲಿದೆ, ಲಂಡನ್ನಿಗೂ ಪಾಲಿದೆ. ಸುಣ್ಣ ಅರೆದವರಿಗೆ, ಕಲ್ಲು ಕೆತ್ತಿದವರಿಗೆ, ಬಿಸಿಲಲ್ಲಿ ನಿಂತು ಕೆಲಸ ನೋಡಿಕೊಂಡವರಿಗೆ ಏನೂ ಇಲ್ಲ. ಸುಮ್ನೆ ಹೀಗಾಗಿದೆ ಅಂದುಕೊಳ್ಳಬೇಡಿ, ಇದರಲ್ಲಿ ದೊಡ್ಡ ಅನುಕೂಲ ಇದೆ. ಗಟ್ಟಿತನ ಮೊಟ್ಟೆಯಿಂದ ಬಂದಿದ್ದಾದರೆ ಈಗಿನ ಕಾಂಟ್ರ್ಯಾಕ್ಟರನ್ನು ಯಾರೂ ಕೇಳುವ ಹಾಗಿಲ್ಲ. ಪಾಪ, ಅವರ ಟೆಂಡರಿನಲ್ಲಿ ಮೊಟ್ಟೆಯೇ ಇರಲಿಲ್ಲ.

ಬಲಿಯ ವಿಷಯದಲ್ಲಿ ಮಾತ್ರ ನಾವು ಬ್ರಿಟಿಷರನ್ನು ಮೀರಿಸಿದ್ದೇವೆ. ಅವರು ಕಟ್ಟುವಾಗ ಒಂದೇ ಸಲ ಕೊಟ್ಟರಂತೆ. ನಾವು ಉದ್ಘಾಟನೆ ಆದ ಮೇಲೆ ಗುಂಡಿಗೊಬ್ಬರಂತೆ ಕಂತಿನಲ್ಲಿ ಕೊಡುತ್ತೇವೆ.

ಕಮಾನು ಅಂದರೆ ಕಲ್ಲು ಕಲ್ಲನ್ನು ಒತ್ತಿಕೊಂಡು ನಿಲ್ಲುವ ಕಟ್ಟಡ. ಭಾರಕ್ಕೆ ಅದು ಸುಲಭಕ್ಕೆ ಜಗ್ಗುವುದಿಲ್ಲ. ಅದನ್ನು ಕೆಡಿಸೋದು ಸಂದಿಗೆ ಇಳಿಯುವ ನೀರು, ಅದೇ ಸಂದಿಯಲ್ಲಿ ಹುಟ್ಟುವ ಅರಳಿ ಗಿಡ. ಗೇಣುದ್ದ ಇದ್ದಾಗ ಕಿತ್ತು, ಆ ಜಾಗಕ್ಕೆ ಸುಣ್ಣದ ಗಾರೆ ಮೆತ್ತಿದರೆ ಮುಗೀತು. ಆದರೆ ಸರ್ಕಾರಿ ಸೇತುವೆಯ ಗಿಡ ಕೀಳಲು ಎಸ್ಟಿಮೇಟ್ ಬೇಕು. ಅದು ಮಂಜೂರಾಗುವಷ್ಟರಲ್ಲಿ ಗಿಡ ಮರವಾಗಿರುತ್ತದೆ. ಬುಡಕ್ಕೆ ಅರಿಶಿನ ಕುಂಕುಮ ಬಿದ್ದಿರುತ್ತದೆ. ಸಮಿತಿಯೊಂದು ಹುಟ್ಟಿ, ವಾರ್ಷಿಕೋತ್ಸವದ ಫ್ಲೆಕ್ಸೂ ಎದ್ದಿರುತ್ತದೆ. ಫ್ಲೆಕ್ಸಿನ ನಡುವೆ ಕೈಮುಗಿದು ನಿಂತ ಗೌರವಾಧ್ಯಕ್ಷರು ಯಾರು ಅಂತೀರಿ? ಗಿಡ ಕೀಳಲು ಎಸ್ಟಿಮೇಟ್ ಮಾಡಿದ ಎಂಜಿನಿಯರ್ ಸಾಹೇಬರೇ.