ಎಂ ಸೈಜಿನ ನೆರೆ ಪರಿಹಾರ

ಇವತ್ತು ಬೆಳಿಗ್ಗೆ ಬ್ರಷ್ ಇನ್ನೂ ಬಾಯಲ್ಲೇ ಇತ್ತು, ಫೋನು ಬಂತು. "ಸರ, ಆ ಟೀಶರ್ಟ್ ಒಗದ ಮ್ಯಾಲ ಗಿಡ್ಡ ಆಗ್ಯದ್ರಿ. ಬದಲಿ ಕೊಡ್ತೀರೇನು?"

ನೆರೆ ಸಂತ್ರಸ್ತರಿಗೆ ಅಂತ ನಾವು ಇಟ್ಟ ಓಟ ಮುಗಿದಿದೆ. ಶಾಮಿಯಾನ ಬಿಚ್ಚಿದ್ದಾಗಿದೆ, ಮೈಕಿನವನ ಬಾಕಿ ಚುಕ್ತಾ ಆಗಿದೆ, ಸರ್ಕಲ್ಲಿನ ಫ್ಲೆಕ್ಸನ್ನು ಯಾರೋ ಪುಣ್ಯಾತ್ಮರು ಒಯ್ದು ಸೋರುವ ತಗಡಿನ ಮೇಲೆ ಹೊದಿಸಿಕೊಂಡಿದ್ದೂ ಆಗಿದೆ. ಟೀಶರ್ಟ್ ಮಾತ್ರ ಮುಗಿಯುತ್ತಿಲ್ಲ. ಫೋನು ಮಾಡಿದವರು ಅವತ್ತು ಓಡಿದವರೂ ಅಲ್ಲ. ಟೀಶರ್ಟ್ ಇಸಕೊಂಡು, ಮಂಡಕ್ಕಿ ಸುಸಲಾ ತಿಂದು, ನಾಲ್ಕು ಸೆಲ್ಫಿ ಹೊಡೆದುಕೊಂಡು, "ಮಗಳ ಟ್ಯೂಷನ್ ಅದ" ಅಂತ ಸ್ಕೂಟರ್ ಏರಿದವರು. ಬದಲಿ ಕೊಡಲು ನಾನೇನು ಸೂಪರ್ ಮಾರ್ಕೆಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೇನೆಯೇ?

ನಮ್ಮದು ಕಲಬುರಗಿಯ ಸ್ಟೇಡಿಯಮ್ಮಿನಲ್ಲಿ ಬೆಳಿಗ್ಗೆ ನಡೆಯುವವರ ಗುಂಪು. ನಡೆಯುವುದು ಎರಡು ಸುತ್ತು, ಚಹಾದ ಅಂಗಡಿ ಮುಂದೆ ಕೂರುವುದು ಒಂದು ತಾಸು. 2025ರ ಸೆಪ್ಟೆಂಬರ್ ಕೊನೆಗೆ ಸೊಲ್ಲಾಪುರದ ಕಡೆ ಮಳೆ ಹೊಡೆಯಿತು. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರು, ಅದರ ಮೇಲೆ ಸೀನಾ ನದಿಯೂ ತುಂಬಿ ಬಂದು ಸೇರಿತು, ಭೀಮಾ ಉಕ್ಕಿತು. ಆ ವಾರವೆಲ್ಲ ನಮ್ಮ ಚಹಾದಲ್ಲಿ ಹೊಳೆಯದೇ ಮಾತು. ಸೊನ್ನ ಬ್ಯಾರೇಜಿನಿಂದ ಎಷ್ಟು ಬಿಟ್ಟರು, ಘತ್ತರಗಿ ಭಾಗ್ಯವಂತಿ ಗುಡಿಗೆ ನೀರು ಬಂತೇ, ಗಾಣಗಾಪುರದ ಸೇತುವೆ ಕಾಣಿಸುತ್ತಿದೆಯೇ, ಕಟ್ಟಿಸಂಗಾವಿ ಹತ್ತಿರ ಜೇವರ್ಗಿ ರಸ್ತೆ ಬಂದ್ ಆಗಿದೆಯೇ? 2020ರ ಅಕ್ಟೋಬರಿನಲ್ಲೂ ಇದೇ ಹೊಳೆ, ಇದೇ ಊರುಗಳು, ಇದೇ ಚಹಾ. ಈ ಸಲ ಒಬ್ಬರು, "ಬರೇ ಮಾತಾಡೂದಾಯ್ತು, ಏನರ ಮಾಡಬೇಕ್ರಿ" ಅಂದರು. ನಮ್ಮಲ್ಲಿ ಹೀಗೆ ಅಂದವರು ಮರುದಿನದಿಂದ ವಾಕಿಂಗಿಗೆ ಬರುವುದಿಲ್ಲ. ಅವರೂ ಬರಲಿಲ್ಲ. ಉಳಿದವರ ಕೊರಳಿಗೆ ಓಟ ಬಿತ್ತು.

ಮೊದಲು ಪೂರ್ತಿ ಮ್ಯಾರಥಾನ್ ಅಂತಲೇ ಉಮೇದಿ ಇತ್ತು. ಅದು 42.195 ಕಿಲೋಮೀಟರು, ಜಗತ್ ಸರ್ಕಲ್ಲಿನಿಂದ ಬಿಟ್ಟರೆ ಜೇವರ್ಗಿ ಮುಟ್ಟುತ್ತೇವೆ ಅಂತ ನಾನು ಹೇಳಿದೆ. ಹಾದಿಯಲ್ಲಿ ಹೊಳೆಯನ್ನೂ ನೋಡಿಕೊಂಡಂಗಾಯ್ತು ಅಂತ ಒಬ್ಬರು ಖುಷಿಪಟ್ಟರು. ಆಮೇಲೆ, ಸಮಿತಿಯವರೂ ಓಡಬೇಕಾಗುತ್ತದೆ ಅಂತ ಯಾರೋ ಮೆಲ್ಲಗೆ ನೆನಪಿಸಿದರು. ಹರಾಜು ಉಲ್ಟಾ ಶುರುವಾಯಿತು. ಇಪ್ಪತ್ತೊಂದು. ಹತ್ತು. ಮೊಣಕಾಲಿನ ಆಪರೇಷನ್ ಆದವರೊಬ್ಬರು ಐದು ಅಂದರು, ಸಕ್ಕರೆ ಕಾಯಿಲೆಯವರು ಮೂರು ಅಂದರು. ಕೊನೆಗೆ ಮೂರಕ್ಕೇ ಮುರಿದು, "ನಡೆದರೂ ನಡೆಯುತ್ತದೆ" ಅಂತ ಪಾಂಪ್ಲೆಟ್ಟಿನ ಕೆಳಗೆ ಸಣ್ಣಗೆ ಹಾಕಿಸಿದೆವು.

ಪಾಂಪ್ಲೆಟ್ ಹಿಡಿದು ಪಟ್ಟಿ ಎತ್ತಲು ಹೊರಟ ಮೇಲೆ ನನಗೆ ತಿಳಿದದ್ದು, ಈ ಊರಿನಲ್ಲಿ ನೆರೆ ಅಂದರೆ ಎಲ್ಲರಿಗೂ ಕರುಳು ಚುರ್ ಅನ್ನುತ್ತದೆ, ಆದರೆ ಚುರ್ ಅಂದ ಕೂಡಲೇ ಬಾಯಿಂದ ಬರುವ ಮಾತು, "ಟೀಶರ್ಟ್ ಕೊಡ್ತೀರಿ?" ಮುನ್ನೂರು ರೂಪಾಯಿ ಪ್ರವೇಶ ಶುಲ್ಕ. ಮನೆ ಬಿದ್ದವರಿಗೆ ಅಂತ ಹೇಳಿದರೆ ನಮ್ಮ ಮುಖ ನೋಡುತ್ತಾರೆ. ಟೀಶರ್ಟ್ ಇದೆ ಅಂದರೆ ಪಾಕೀಟು ನೋಡುತ್ತಾರೆ. "ಕಾಲರ್ ಇರ್ತದೇನ್ರಿ?" ಅಂತ ಕೇಳಿದವರೂ ಇದ್ದರು. ಹೀಗೆ ಮುನ್ನೂರರಲ್ಲಿ ನೂರ ತೊಂಬತ್ತು ಟೀಶರ್ಟಿಗೇ ಹೋಯಿತು. ಪ್ರಾಯೋಜಕರದು ಇನ್ನೊಂದು ರಗಳೆ. ಬೇಳೆ ಮಿಲ್ಲಿನ ಸಾಹುಕಾರರಿಗೆ ಎದೆಯ ಮೇಲೆಯೇ ಹೆಸರು ಬೇಕು. ಹಲ್ಲಿನ ಡಾಕ್ಟರಿಗೆ ಬೆನ್ನಾದರೂ ಅಡ್ಡಿಯಿಲ್ಲ, ಆದರೆ ಕೋಚಿಂಗ್ ಸೆಂಟರಿನವರ ಕೆಳಗೆ ಬೇಡ. ಎಲ್ಲರನ್ನೂ ಕೂರಿಸಿ ಮುಗಿಸುವಷ್ಟರಲ್ಲಿ ಭೀಮಾ ತೀರದ ಸಂತ್ರಸ್ತರಿಗೆ ಉಳಿದದ್ದು ಬಲತೋಳಿನ ಅಂಚು.

ನಾನು ಮಾಸ್ತರ. ಹಾಜರಿ ಹಿಡಿದು ರೂಢಿ ಅದ ಅಂತ ಸೈಜುಗಳ ಲೆಕ್ಕ ನನಗೇ ಗಂಟು ಬಿತ್ತು. ಇಲ್ಲಿ ಗಂಡಸರ ಬಗ್ಗೆ ಒಂದು ಮಾತು ಹೇಳಲೇಬೇಕು. ಐವತ್ತು ದಾಟಿದ ಯಾವ ಗಂಡಸಿಗೂ ತನ್ನ ಈಗಿನ ಅಳತೆ ಗೊತ್ತಿಲ್ಲ. ಮದುವೆಗೆ ಸಫಾರಿ ಹೊಲಿಸುವಾಗ ಟೇಲರ್ ಬರೆದುಕೊಂಡ ಅಳತೆಯೇ ಅವನ ಪಾಲಿಗೆ ಇಂದಿಗೂ ಕಾಯಂ. ಹೆಣ್ಣುಮಕ್ಕಳು ಸರಿಯಾಗಿ ಬರೆಸಿದರು. ಕಾಲೇಜಿನ ಹುಡುಗರು ಬೇಕಂತಲೇ ಒಂದು ಸೈಜ್ ದೊಡ್ಡದು ಬರೆಸಿದರು. ನಮ್ಮ ಸಮಿತಿಯ ಹಿರಿಯರು ಒಬ್ಬರಿಗಿಂತ ಒಬ್ಬರು ಎಂ. ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ ಎಂ ಅಂತ ಬರೆದವರು ನಮ್ಮ ಗೌರವ ಅಧ್ಯಕ್ಷರಾದ ವಕೀಲ ಕಾಕಾ. "ಕಾಕಾ, ಎಕ್ಸೆಲ್ ಇರ್ಲಿ, ಒಗದ್ರ ಗಿಡ್ಡ ಆಗ್ತದ" ಅಂದೆ. "ಮಾಸ್ತರ, ನಾ ದಿನಾ ವಾಕಿಂಗ್ ಮಾಡ್ತೀನಿ" ಅಂದರು. ವಾಕಿಂಗ್ ಆದ ಮೇಲೆ ಎರಡು ಮಿರ್ಚಿ ತಿನ್ನುವುದು ಆ ಹೇಳಿಕೆಯಲ್ಲಿ ದಾಖಲಾಗಲಿಲ್ಲ.

ಓಟದ ಭಾನುವಾರ. ಆರಕ್ಕೆ ಹಸಿರು ನಿಶಾನೆ ಅಂತ ಅಚ್ಚಾಗಿತ್ತು. ಏಳಾದರೂ ಮುಖ್ಯ ಅತಿಥಿಗಳ ಪತ್ತೆಯಿಲ್ಲ. ಅವರ ಕಡೆಯವರು ಫೋನಿನಲ್ಲಿ "ಹೊಂಟಾರ್ರಿ" ಅನ್ನುತ್ತಲೇ ಇದ್ದರು, ಹೊರಡುವುದಕ್ಕೂ ಬರುವುದಕ್ಕೂ ಸಂಬಂಧವೇ ಇಲ್ಲ ಅನ್ನುವ ಧಾಟಿಯಲ್ಲಿ. ಓಟ ಮುಗಿದ ಮೇಲೆ ಕೊಡಬೇಕಾದ ಸುಸಲಾ ಆರುತ್ತದೆ ಅಂತ ಓಟಕ್ಕೆ ಮೊದಲೇ ಬಡಿಸಿದೆವು. ತಿಂದವರಲ್ಲಿ ಬಹಳ ಮಂದಿಗೆ ಆಗಲೇ ಓಟ ಮುಗಿಯಿತು. ಅಲ್ಲಿಯವರೆಗೆ ಸ್ವೆಟರಿನಲ್ಲಿ ಕೂತಿದ್ದ ಕಾಕಾ, ಅತಿಥಿಗಳು ಪಟೇಲ್ ಸರ್ಕಲ್ ದಾಟಿದರು ಅಂತ ಸುದ್ದಿ ಬಂದದ್ದೇ, ನನ್ನ ಟೇಬಲ್ಲಿಗೆ ಬಂದು ತಮ್ಮ ಟೀಶರ್ಟ್ ಕೇಳಿದರು. ಚಳಿ ಇತ್ತಲ್ಲ, ಸ್ವೆಟರ್ ಬಿಚ್ಚಲಿಲ್ಲ. ಅದರ ಮೇಲೆಯೇ ಏರಿಸಿದರು.

ಎರಡೂ ಕೈ ತೋಳಿನೊಳಗೆ ಹೋದವು. ತಲೆಯೂ ಒಳಗೆ ಹೋಯಿತು. ಆದರೆ ಕೊರಳಿನಿಂದ ಹೊರಗೆ ಬರಲಿಲ್ಲ. ದಿಂಬಿಗೆ ಸಣ್ಣ ಗವಸು ಹಾಕಿದಂತೆ ಕಂಕುಳ ಹತ್ತಿರ ಬಟ್ಟೆ ಬಿಗಿದು ನಿಂತಿತು. ಎರಡೂ ಕೈ ಆಕಾಶಕ್ಕೆ, ಮುಖ ಬಟ್ಟೆಯೊಳಗೆ, ಹೊಟ್ಟೆ ಮಾತ್ರ ಸಭೆಗೆ. ಒಳಗಿನಿಂದ ಕೋರ್ಟಿನ ದನಿ ಕೇಳಿತು. "ಯಾಂವ ಅವ ಸೈಜ್ ಬರದಾಂವ?"

"ನೀವ ಬರದದ್ದು ಕಾಕಾ."

"ಎಳೀರಿ ಮದಲ!"

ಎಳೆಯಬೇಕು, ಸರಿ. ಯಾವ ಕಡೆಗೆ? ಇಲ್ಲಿ ಸಮಿತಿಯಲ್ಲಿ ಒಡಕು ಬಂತು. ಹಾಕಿಸುವುದೇ ಉದ್ದೇಶವಾದ್ದರಿಂದ ಕೆಳಗೆ ಎಳೆಯಬೇಕು ಅಂತ ರಿಟೈರ್ಡ್ ಇಂಜಿನಿಯರ್ ಸಾಹೇಬರ ವಾದ. ಕಾಕಾರ ಜೀವವೂ ಮುಖ್ಯ, ಮೇಲೆ ಎಳೆಯಿರಿ ಅಂತ ಇನ್ನೊಬ್ಬರು. ಇಬ್ಬರೂ ತಮ್ಮ ತಮ್ಮ ಅಭಿಪ್ರಾಯವನ್ನು ಏಕಕಾಲಕ್ಕೆ ಜಾರಿಗೆ ತಂದರು. ಕಾಕಾ ಇದ್ದಲ್ಲೇ ಒಂದು ಸುತ್ತು ತಿರುಗಿದರು. ಫ್ಲೆಕ್ಸಿನ ಹಗ್ಗ ಕತ್ತರಿಸುತ್ತಿದ್ದ ಹುಡುಗ ಕತ್ತರಿ ತಂದ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ನಮ್ಮ ಖಜಾಂಚಿ ಅಡ್ಡ ಬಂದರು. "ನೂರಾ ತೊಂಬತ್ತು ರೂಪಾಯಿದ್ದದ. ಕತ್ತರಿಸಿದ್ರ ಅಂಗಡಿಯಾಂವ ವಾಪಸ್ ತಗೊಳ್ಳಂಗಿಲ್ಲ." "ನನ್ನ ವಾಪಸ್ ತಗೊಳ್ಳೋರು ಯಾರೋ!" ಅಂತ ಬಟ್ಟೆಯೊಳಗಿನಿಂದ ಕೂಗು.

ಅಷ್ಟರಲ್ಲಿ ಹಲಗಿ ಬಡಿಯಿತು. ಕಾರು ಬಂದೇ ಬಿಟ್ಟಿತು. ಆರತಿ ಹಿಡಿದ ಹುಡುಗಿಯರು ಸಾಲಾಗಿ ನಿಂತರು, ನಿರೂಪಕರು "ನಮ್ಮ ಗೌರವ ಅಧ್ಯಕ್ಷರು ಈಗ ಹಾರ ಹಾಕಿ ಸ್ವಾಗತಿಸುತ್ತಾರೆ" ಅಂತ ಘೋಷಿಸಿದರು. ತಮ್ಮ ಹೆಸರು ಮೈಕಿನಲ್ಲಿ ಬಂದರೆ ಕಾಕಾ ಸುಮ್ಮನೆ ನಿಲ್ಲುವವರಲ್ಲ. ಕೈ ಮೇಲೆತ್ತಿಕೊಂಡೇ, ಹಲಗಿಯ ಸಪ್ಪಳದ ಜಾಡು ಹಿಡಿದು ವೇದಿಕೆಯ ಕಡೆ ಹೊರಟರು. ಕಾರಿನಿಂದ ಇಳಿದ ಅತಿಥಿಗಳಿಗೆ ಎದುರಿಗೆ ಕಂಡದ್ದು, ಎರಡೂ ಕೈ ನೆಟ್ಟಗೆ ಮೇಲೆತ್ತಿ ಆ ಕಡೆ ಈ ಕಡೆ ವಾಲುತ್ತಿರುವ ಒಬ್ಬ ಹಿರಿಯ. ತಡವಾದದ್ದಕ್ಕೆ ಅವರಿಗೂ ಒಳಗೊಳಗೆ ಸಂಕೋಚ ಇತ್ತೋ ಏನೋ, ವಾರ್ಮ್ ಅಪ್ ಶುರುವಾಗಿದೆ ಅಂದುಕೊಂಡು ತಾವೂ ಎರಡೂ ಕೈ ಎತ್ತಿದರು. ಅವರು ಎತ್ತಿದ್ದನ್ನು ನೋಡಿ ಹಿಂದಿನ ಹಿಂಬಾಲಕರು ಎತ್ತಿದರು. ಜುಂಬಾ ಹೇಳಿಕೊಡಲು ಬಂದಿದ್ದ ಹುಡುಗಿ ಗಾಬರಿಯಾಗಿ ಹಾಡು ಹಾಕಿದಳು. ಎರಡು ನಿಮಿಷದಲ್ಲಿ ಇಡೀ ಮೈದಾನ ಕೈ ಮೇಲೆತ್ತಿ ವಾಲುತ್ತಿತ್ತು. ಕಾಕಾ ಎಡಕ್ಕೆ ತಡವರಿಸಿದರೆ ಎಲ್ಲರೂ ಎಡಕ್ಕೆ, ಬಲಕ್ಕೆ ಮುಗ್ಗರಿಸಿದರೆ ಎಲ್ಲರೂ ಬಲಕ್ಕೆ.

ಮರುದಿನ ಪತ್ರಿಕೆಯಲ್ಲಿ ಅದೇ ಫೋಟೋ. ಮುಂದೆ ಅತಿಥಿಗಳು ನಗುತ್ತಿದ್ದಾರೆ, ಪಕ್ಕದಲ್ಲಿ ಬಟ್ಟೆ ತುಂಬಿದ ಒಂದು ತಲೆ. ಕಾಕಾಗೆ ಇವತ್ತಿಗೂ ಇರುವ ಸಿಟ್ಟು ಉಸಿರು ಕಟ್ಟಿದ್ದಕ್ಕಲ್ಲ. ಇಷ್ಟು ವರ್ಷದ ಸಮಾಜ ಸೇವೆಯಲ್ಲಿ ಮೊದಲ ಸಲ ಮುಖಪುಟದಲ್ಲಿ ಬಂದರೆ, ಅದರಲ್ಲಿ ಮುಖವೇ ಇಲ್ಲ.

ಓಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪೊಲೀಸ್ ಭರ್ತಿಗೆ ತಯಾರಿ ನಡೆಸುತ್ತಿದ್ದ ಹಳ್ಳಿಯ ಹುಡುಗರು ಬರಿಗಾಲಿನಲ್ಲಿ ಹಾರಿ ಹೋಗಿ, ನಾವು ಮೊದಲ ತಿರುವು ದಾಟುವ ಮುಂಚೆ ವಾಪಸು ಬರುತ್ತಿದ್ದರು. ಒಬ್ಬರು ನಡುವೆ ಟಂಟಂ ಆಟೋ ಹತ್ತಿ ಬಂದು ಪದಕ ಕೊರಳಿಗೆ ಹಾಕಿಸಿಕೊಂಡರು. ಟಂಟಂ ಬಾಡಿಗೆ ಕೊಟ್ಟದ್ದು ಅವರೇ ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಸಂಜೆ ಖಜಾಂಚಿಗಳು ಲೆಕ್ಕ ತೆಗೆದರು. ಟೀಶರ್ಟು ಮುನ್ನೂರು, ಬಿಲ್ಲು 57,000. ಶಾಮಿಯಾನ, ಮೈಕು, ಪದಕ, ಹಾರ, ಶಾಲು, ಸುಸಲಾ ಬೇರೆ. ಬ್ಯಾಂಕಿನವರಿಗೆ ಹೋಲಿಸಿ ನೋಡುವ ಚಟ ಇರುತ್ತದೆ. ಆ ನೆರೆಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅದರ ಮೇಲೆ ರಾಜ್ಯ ಸರ್ಕಾರದ್ದು ಇನ್ನೂ 8,500, ಒಟ್ಟು 17,000 ಪರಿಹಾರ ಘೋಷಣೆಯಾಗಿತ್ತು. ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಅವರು ಪೆನ್ನು ಕೆಳಗಿಟ್ಟು ಹೇಳಿದರು. "ಅಂದ್ರ ಎಂಟು ಎಕರೆ ತೊಗರಿ ಪರಿಹಾರ ನಾವು ಮೈಮ್ಯಾಲ ಹಾಕ್ಕೊಂಡು ಓಡೀವಿ." ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಮೂರ ಕಿಲೋಮೀಟರ್ ಅಷ್ಟ" ಅಂದರು.

ಹೇಗೋ ಪ್ರಾಯೋಜಕರ ದುಡ್ಡು ಉಳಿದಿತ್ತು. ಜೋಳ, ಚಾದರ, ಮಕ್ಕಳಿಗೆ ನೋಟ್‌ಬುಕ್ಕು, ದನಗಳಿಗೆ ಒಂದು ಗಾಡಿ ಮೇವು ತೆಗೆದುಕೊಂಡು ಅಫಜಲಪುರ ತಾಲೂಕಿನ ಹೊಳೆದಂಡೆಯ ಊರೊಂದಕ್ಕೆ ಹೋದೆವು. ಉಳಿದ ಟೀಶರ್ಟುಗಳ ಗಂಟೂ ಜೊತೆಗಿತ್ತು. ತೊಗರಿಗೆ ನಿಂತ ನೀರು ಆಗುವುದಿಲ್ಲ. ದಿಣ್ಣೆಯ ಹೊಲಗಳು ಹಸಿರಾಗಿದ್ದವು, ತಗ್ಗಿನವು ಬೇರು ಕೊಳೆತು ನಿಂತಲ್ಲೇ ಒಣಗಿದ್ದವು. 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಪಡೆದ ನಮ್ಮ ಕಲಬುರಗಿ ತೊಗರಿ ಕೈಯಲ್ಲಿ ಹಿಡಿದರೆ ಚಟಚಟ ಮುರಿಯುತ್ತಿತ್ತು. ಗೋಡೆಗಳ ಮೇಲೆ ನೀರು ನಿಂತ ಗೆರೆ ನನ್ನ ಎದೆಮಟ್ಟಕ್ಕಿತ್ತು.

ಒಬ್ಬ ಅಜ್ಜಿ ಚಾದರ ಇಸಕೊಂಡು ಕೇಳಿದಳು. "ಓಡಿ ರೊಕ್ಕ ಕೂಡಿಸಿದ್ರಂತ? ಓಡಿದ್ರ ರೊಕ್ಕ ಯಾರ್ ಕೊಡ್ತಾರಪಾ?" ನನಗೆ ಹೇಳಲು ಬರಲಿಲ್ಲ. "ಅವತ್ ರಾತ್ರಿ ನಾವೂ ಓಡೀವಿ, ಎಮ್ಮಿ ಬಿಚ್ಚಿ ಬಿಟ್ಟು" ಅಂದು, ಟೀಶರ್ಟಿನ ಗಂಟಿನ ಕಡೆ ಕೈ ತೋರಿಸಿದಳು. ಮೊಮ್ಮಗನಿಗಂತೆ. ಉಳಿದಿದ್ದ ಎಂ ಸೈಜಿನದು ಆ ಹುಡುಗನಿಗೆ ಅಳತೆ ತೆಗೆದು ಹೊಲಿಸಿದಂತೆಯೇ ಕೂತಿತು. ಬೆನ್ನ ಮೇಲಿನ ಹಲ್ಲಿನ ಆಸ್ಪತ್ರೆ, ಕೋಚಿಂಗ್ ಸೆಂಟರ್ ಎಲ್ಲ ನೋಡಿ ಏನೇನು ಬರೆದಿದೆ ಅಂತ ಅಜ್ಜಿ ಕೇಳಿದಳು. ಅಂಗಡಿಗಳ ಹೆಸರು ಅಂದೆ. "ಇರ್ಲಿ ಬಿಡು, ಹಿಂದ ಬರದದ್ದು ಹಾಕ್ಕೊಂಡಾಂವಗ ಏನ್ ಕಾಣಸ್ತದ" ಅಂದಳು. ಈ ತಿಂಗಳಲ್ಲಿ ಸೈಜಿನ ಬಗ್ಗೆಯೂ ಕಾಲರಿನ ಬಗ್ಗೆಯೂ ಕೇಳದೆ ಟೀಶರ್ಟ್ ತೆಗೆದುಕೊಂಡವಳು ಅವಳೊಬ್ಬಳೇ.

ವಾಪಸು ಬಂದ ವಾರ ಸಮಿತಿಯ ಸಭೆ, ಅದೇ ಚಹಾದ ಅಂಗಡಿ. ಕಾರ್ಯಕ್ರಮ ಭರ್ಜರಿ ಆಯಿತು, ಪ್ರತಿ ವರ್ಷ ಮಾಡೋಣ ಅಂತ ಇಂಜಿನಿಯರ್ ಸಾಹೇಬರು ಠರಾವು ಮಂಡಿಸಿದರು. ಟೀಶರ್ಟಿನ ಬಣ್ಣ ಕೇಸರಿಯೋ ನೀಲಿಯೋ ಅಂತ ಅರ್ಧ ತಾಸು ಚರ್ಚೆಯಾಯಿತು. ಕಾಕಾ, ತಮಗೆ ಮುಂದೆ ಬಟನ್ ಇರುವುದೇ ಬೇಕು ಅಂತ ಲಿಖಿತದಲ್ಲಿ ಕೊಟ್ಟರು. ಪ್ರಾಯೋಜಕರಿಗೆ ಈಗಲೇ ಹೇಳಿಡೋಣ ಅಂತಲೂ ಆಯಿತು. ಆಗ ಖಜಾಂಚಿಗಳು ಕನ್ನಡಕ ಏರಿಸಿಕೊಂಡು, ಅಡ್ವಾನ್ಸ್ ಕೊಡುವ ಮೊದಲು ಒಂದು ಸಂಶಯ ಅಂತ ಎದ್ದರು.

"ಎಲ್ಲಾ ಖರೇ. ಬರೂ ವರ್ಷ ಹೊಳಿ ಬರಲಿಲ್ಲಂದ್ರ ಏನ್ ಮಾಡೂದ್ರಿ?"

"ಯಾಕ್ ಬರಂಗಿಲ್ಲ?" ಅಂದರು ಕಾಕಾ, ಚಹಾ ಬಸಿಗೆ ಸುರಿದುಕೊಳ್ಳುತ್ತ. "ಉಜನಿದವರು ನೀರು ಬಿಡ್ತಾರ ಬಿಡ್ರಿ. ನೀವು ಮೊದಲ ಟೀಶರ್ಟಿನಾಂವಗ ಫೋನ್ ಹಚ್ಚರಿ."